ಬುಂಕ್ಯೋದಲ್ಲಿ ಮನೆ ಮಾಡುವ ಮುನ್ನ

ಪ್ರಶ್ನೆ: ನಮ್ಮ ಯಜಮಾನರಿಗೆ ಟೋಕಿಯೊದಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಏಳು ವರ್ಷ. ‘ಮಗುವಿನ ಓದು ಮುಖ್ಯ ಅಂದ್ರೆ ಬುಂಕ್ಯೋದಲ್ಲೇ ಮನೆ ಹಿಡೀರಿ’ ಅಂತ ಅವರ ಜಪಾನಿ ಸಹೋದ್ಯೋಗಿ ಹೇಳುತ್ತಾರೆ. ನಮ್ಮ ಕಡೆಯವರೆಲ್ಲ ನಿಶಿ ಕಸಾಯ್‌ಗೆ ಬನ್ನಿ ಅಂತಾರೆ. ಯಾರ ಮಾತು ಕೇಳೋಣ?
– ಒಬ್ಬ ತಾಯಿ, ಮೈಸೂರು

ಉತ್ತರ: ಎಷ್ಟು ವರ್ಷಕ್ಕೆ ಹೋಗುತ್ತಿದ್ದೀರಿ ಎಂಬುದನ್ನೇ ನೀವು ಬರೆದಿಲ್ಲವಲ್ಲ ತಾಯಿ! ಉತ್ತರವೆಲ್ಲ ಅದರ ಮೇಲೆ ನಿಂತಿದೆ.

ಸಹೋದ್ಯೋಗಿಯ ಮಾತು ಸುಳ್ಳಲ್ಲ. ಟೋಕಿಯೊದ 23 ವಾರ್ಡ್‌ಗಳಲ್ಲಿ ಬುಂಕ್ಯೋ ಒಂದು. 1947ರಲ್ಲಿ ಹೊಂಗೋ, ಕೊಯಿಶಿಕಾವಾ ಎಂಬ ಎರಡು ಹಳೆಯ ವಾರ್ಡ್‌ಗಳನ್ನು ಕೂಡಿಸಿದಾಗ ಇಟ್ಟ ಹೆಸರಿದು. ‘ಬುನ್’ ಅಂದರೆ ಅಕ್ಷರ, ‘ಕ್ಯೋ’ ಅಂದರೆ ರಾಜಧಾನಿ. ಹೆಸರಿಗೆ ತಕ್ಕಂತೆ ಟೋಕಿಯೊ ವಿಶ್ವವಿದ್ಯಾಲಯದ ಹೊಂಗೋ ಕ್ಯಾಂಪಸ್, ಒಚನೊಮಿಜು ಮಹಿಳಾ ವಿಶ್ವವಿದ್ಯಾಲಯ, ಕನ್‌ಫ್ಯೂಷಿಯಸ್‌ನ ಹೆಸರಿನ ಯುಶಿಮಾ ಸೇದೋ ಮಂದಿರ ಎಲ್ಲವೂ ಇಲ್ಲೇ ಇವೆ. ಪರೀಕ್ಷೆಯ ಕಾಲ ಬಂತೆಂದರೆ ಮಕ್ಕಳು ಯುಶಿಮಾ ತೆಂಜಿನ್ ಗುಡಿಗೆ ಹೋಗಿ, ಮರದ ಪುಟ್ಟ ಹಲಗೆಯ ಮೇಲೆ ತಮಗೆ ಬೇಕಾದ ಶಾಲೆಯ ಹೆಸರು ಬರೆದು ತೂಗುಹಾಕುತ್ತಾರೆ. ನಮ್ಮಲ್ಲಿ ಹಾಲ್ ಟಿಕೆಟ್ಟನ್ನು ಗಣಪತಿಯ ಪಾದದ ಬಳಿ ಇಟ್ಟು ಎತ್ತಿಕೊಳ್ಳುವುದಿಲ್ಲವೇ, ಹಾಗೆ.

ಇಲ್ಲಿನ ಅಪ್ಪ ಅಮ್ಮಂದಿರ ಬಾಯಲ್ಲಿ ‘3ಎಸ್1ಕೆ’ ಎಂಬ ಮಾತೊಂದಿದೆ. ಸೇಯ್‌ಶಿ, ಸೆಂದಾಗಿ, ಶೋವಾ, ಕುಬೊಮಾಚಿ ಎಂಬ ನಾಲ್ಕು ಸರ್ಕಾರಿ ಪ್ರಾಥಮಿಕ ಶಾಲೆಗಳ ಮೊದಲಕ್ಷರಗಳು ಅವು. ಹೌದು, ಸರ್ಕಾರಿ ಶಾಲೆಗಳೇ! ಮನೆ ಯಾವ ಬೀದಿಯಲ್ಲಿದೆಯೋ ಅದರ ಮೇಲೆ ಶಾಲೆ ಗೊತ್ತಾಗುವುದರಿಂದ, ಈ ಶಾಲೆಗಳ ಗಡಿಯೊಳಗೆ ಬಾಡಿಗೆ ಹೆಚ್ಚಾದರೂ ಸರಿ ಎಂದು ಬಂದು ಸೇರುವ ಸಂಸಾರಗಳಿವೆ.

ಆದರೆ ಈ ಹೆಸರಿನಿಂದ ನಿಮಗೇನು ಸಿಗುತ್ತದೆ, ಅದನ್ನು ಯೋಚಿಸಿ. ವಿದೇಶಿ ಮಕ್ಕಳಿಗೂ ಸರ್ಕಾರಿ ಶಾಲೆ ತೆರೆದಿದೆ, ಬೋಧನಾ ಶುಲ್ಕವಿಲ್ಲ. ಪಾಠ ಮಾತ್ರ ಜಪಾನಿ ಭಾಷೆಯಲ್ಲಿ. ತರಗತಿಯನ್ನು ಸಾಮಾನ್ಯವಾಗಿ ವಯಸ್ಸು ನೋಡಿ ಕೊಡುತ್ತಾರೆ, ಭಾಷೆ ಬರುವುದಿಲ್ಲವೆಂದು ಹಿಂದಕ್ಕೆ ಹಾಕುವುದು ಕಡಿಮೆ. ಏಳು ವರ್ಷದ ಮಗು ಮಾತನ್ನು ಬೇಗ ಹಿಡಿಯುತ್ತದೆ. ಕಾಂಜಿ ಲಿಪಿ ಅಷ್ಟು ಬೇಗ ಕೈಗೆ ಬರುವುದಿಲ್ಲ. ಎರಡು ಮೂರು ವರ್ಷಕ್ಕೆ ವಾಪಸಾಗುವವರಾದರೆ ನಾನು ನಿಶಿ ಕಸಾಯ್ ಕಡೆಗೇ ಕೈ ತೋರಿಸುತ್ತೇನೆ. ಭಾರತೀಯ ಪಠ್ಯಕ್ರಮದ ಶಾಲೆಗಳು ಇರುವುದು ನಿಶಿ ಕಸಾಯ್ ಸೇರಿದ ಎಡೊಗಾವಾ ವಾರ್ಡಿನಲ್ಲಿ, ಅದರ ಪಕ್ಕದ ಕೋತೋದಲ್ಲಿ. ತೊಗರಿಬೇಳೆ, ಕರಿಬೇವು ಸಿಗುವುದೂ ಆ ಕಡೆಯೇ. ಐದಾರು ವರ್ಷ ನಿಲ್ಲುವ ಲೆಕ್ಕವಿದ್ದರೆ ಬುಂಕ್ಯೋ ಸರಿ, ಅದೂ ನೀವು ಕೂಡ ಜಪಾನಿ ಕಲಿಯಲು ತಯಾರಿದ್ದರೆ. ಶಾಲೆಯಿಂದ ದಿನಕ್ಕೊಂದು ಚೀಟಿ ಮನೆಗೆ ಬರುತ್ತದೆ, ಅದನ್ನು ಓದುವವರು ಬೇಕಲ್ಲ!

ನೀವು ಸಸ್ಯಾಹಾರಿಗಳಾದರೆ ಮಧ್ಯಾಹ್ನದ ಊಟದ ವಿಷಯವನ್ನು ಶಾಲೆಯೊಂದಿಗೆ ಮೊದಲೇ ಮಾತಾಡಿ. ತರಕಾರಿ ಸಾರು ಎಂದು ಕಂಡದ್ದರಲ್ಲೂ ಒಣಮೀನಿನ ರಸ ಇರುವುದುಂಟು. ಇನ್ನೊಂದು ಮಾತು: ಬುಂಕ್ಯೋ ಏರುತಗ್ಗಿನ ಊರು, ಹೆಸರಿರುವ ಇಳಿಜಾರುಗಳೇ ನೂರಕ್ಕೂ ಹೆಚ್ಚು. ಮಕ್ಕಳು ಶಾಲೆಗೆ ನಡೆದೇ ಹೋಗುತ್ತಾರೆ. ತರಕಾರಿ ಚೀಲ ಹೊತ್ತು ದಿಬ್ಬ ಹತ್ತುವ ತಾಯಂದಿರು ಬ್ಯಾಟರಿ ಸೈಕಲ್ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಪ್ರಶ್ನೆ: ಹೊಂಗೋ ಕ್ಯಾಂಪಸ್‌ನಲ್ಲಿ ಪಿಎಚ್‌ಡಿಗೆ ಸೇರುತ್ತಿದ್ದೇನೆ. ಹತ್ತಿರ ರೂಮು ಮಾಡಲೋ, ದೂರ ಇದ್ದು ರೈಲಿನಲ್ಲಿ ಓಡಾಡಲೋ?
– ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ರಾತ್ರಿಯೂ ಲ್ಯಾಬ್‌ನಲ್ಲಿ ಕೆಲಸವಿದ್ದರೆ ಹತ್ತಿರ, ಇಲ್ಲವಾದರೆ ದೂರ. ನಿಶಿ ಕಸಾಯ್‌ನಿಂದಲೂ ಕಷ್ಟವೇನಿಲ್ಲ: ತೋಜಾಯ್ ಲೈನಿನಲ್ಲಿ ಓತೆಮಾಚಿ, ಅಲ್ಲಿ ಮಾರುನೊಉಚಿ ಲೈನಿಗೆ ಬದಲಿಸಿದರೆ ಮೂರನೆಯ ಸ್ಟೇಷನ್ ಹೊಂಗೋ ಸಾಂಚೋಮೆ. ಮೊದಲು ವಿಶ್ವವಿದ್ಯಾಲಯದ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಹೊರಗೆ ಹುಡುಕುವುದಾದರೆ ‘ಶಿಕಿಕಿನ್’ ನಮ್ಮ ಅಡ್ವಾನ್ಸ್ ಇದ್ದ ಹಾಗೆ, ಖರ್ಚು ಕಳೆದು ವಾಪಸ್ ಬರುತ್ತದೆ. ‘ರೇಯ್‌ಕಿನ್’ ಮಾಲೀಕರಿಗೆ ಕೊಡುವ ಕೃತಜ್ಞತೆಯ ದುಡ್ಡು, ಕೊಟ್ಟರೆ ಹೋಯಿತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸಣ್ಣ ಮೊತ್ತವೆನಿಸಬಹುದು, ತಿರುಗಿ ಬರುವುದಿಲ್ಲ ಎನ್ನುವುದೇ ಸಂಕಟ. ರೇಯ್‌ಕಿನ್ ಇಲ್ಲದ ಮನೆಗಳೂ ಇವೆ, ಬಿಡದೆ ಕೇಳಿ. ಕಟ್ಟಡ ಯಾವ ಕಾಲದ್ದೆಂದೂ ಕೇಳಿ: ಭೂಕಂಪಕ್ಕೆ ಬಿಗಿಯಾದ ಹೊಸ ನಿಯಮ ಬಂದದ್ದು 1981ರ ಜೂನ್‌ನಲ್ಲಿ. ಅದಕ್ಕಿಂತ ಹಳೆಯದು ಎಷ್ಟು ಅಗ್ಗವಾದರೂ ಬೇಡ.

ಪ್ರಶ್ನೆ: ನಿವೃತ್ತ ಜೀವಶಾಸ್ತ್ರ ಮೇಷ್ಟ್ರು ನಾನು. ಮಗನ ಮನೆಗೆಂದು ಟೋಕಿಯೊಗೆ ಬರುತ್ತಿದ್ದೇನೆ. ಬುಂಕ್ಯೋ ಕಡೆ ನನ್ನಂಥವನು ನೋಡಲೇಬೇಕಾದ್ದು ಏನಾದರೂ ಉಂಟೇ?
– ಉಪಾಧ್ಯಾಯರು, ಪುತ್ತೂರು

ಉತ್ತರ: ಉಂಟು ಮೇಷ್ಟ್ರೇ. ಎಲ್ಲರೂ ವಿಶ್ವವಿದ್ಯಾಲಯದ ಕೆಂಪು ಬಾಗಿಲು ನೋಡಿ ಫೋಟೊ ತೆಗೆದು ಬರುತ್ತಾರೆ. 1827ರಲ್ಲಿ, ಆಗ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗುನ್‌ನ ಮಗಳು ಮಾಯೆದಾ ಮನೆತನಕ್ಕೆ ಸೊಸೆಯಾಗಿ ಬಂದಾಗ ಕಟ್ಟಿದ್ದದು. ನೀವು ಮಾತ್ರ ಕೊಯಿಶಿಕಾವಾ ಸಸ್ಯೋದ್ಯಾನಕ್ಕೆ ಹೋಗಿ. 1684ರಲ್ಲಿ ಶೋಗುನ್‌ನ ಔಷಧಿ ಗಿಡಗಳ ತೋಟವಾಗಿ ಶುರುವಾದ ಜಾಗ. ಪ್ರಜೆಗಳ ದೂರಿಗೆಂದು ಇಟ್ಟ ಪೆಟ್ಟಿಗೆಯಲ್ಲಿ ಒಬ್ಬ ವೈದ್ಯ ಕಾಗದ ಹಾಕಿದ, ಅದರ ಫಲವಾಗಿ 1722ರಲ್ಲಿ ಬಡವರಿಗೊಂದು ಆಸ್ಪತ್ರೆ ಇಲ್ಲೇ ಆಯಿತು. (ಪ್ರಶ್ನೋತ್ತರ ಅಂಕಣ ಬರೆಯುವವನಿಗೆ ಈ ಕಥೆಯ ಮೇಲೆ ಮಮತೆ ಇರುವುದು ಸಹಜ.) ನಿರ್ದೇಶಕ ಕುರೊಸಾವಾ ಅವರ ‘ರೆಡ್ ಬಿಯರ್ಡ್’ ಸಿನಿಮಾದ ಆಸ್ಪತ್ರೆ ಇದೇ.

ಒಳಗೆ ಒಂದು ದೊಡ್ಡ ಗಿಂಕ್ಗೊ ಮರವಿದೆ. ಬೀಜ ಬಿಡುವ ಗಿಡಗಳಲ್ಲೂ ಈಜುವ ವೀರ್ಯಾಣು ಇರಬಹುದೆಂದು ಮೊದಲು ಕಣ್ಣಾರೆ ಕಂಡದ್ದು ಈ ಮರದ ಬೀಜಾಂಡಗಳಲ್ಲಿ, 1896ರಲ್ಲಿ. ಜರೀಗಿಡದ ಗುಣ ಮರದಲ್ಲಿ! ಕಂಡವರು ಹಿರಾಸೆ ಸಾಕುಗೊರೊ, ಪ್ರೊಫೆಸರರಲ್ಲ, ಗಿಡಗಳ ಚಿತ್ರ ಬರೆಯಲು ವಿಶ್ವವಿದ್ಯಾಲಯಕ್ಕೆ ಸೇರಿದ್ದವರು. ಮರುವರ್ಷವೇ ಆ ಕೆಲಸ ಬಿಟ್ಟು ಹಿಕೊನೆ ಎಂಬ ಊರಿನ ಶಾಲೆಯಲ್ಲಿ ನಿಮ್ಮ ಹಾಗೆ ಮೇಷ್ಟ್ರಾದರು. ದೊಡ್ಡ ಪ್ರಶಸ್ತಿ ಬರಲು 1912 ಆಗಬೇಕಾಯಿತು.

ಎಲೆ ಹೊನ್ನಿನ ಬಣ್ಣಕ್ಕೆ ತಿರುಗುವ ದಿನಗಳಲ್ಲಿ ಹೋದರೆ ಕೆಳಗೆ ಉದುರಿದ ಹಣ್ಣು ತುಳಿಯಬೇಡಿ. ಆ ನಾತ ಚಪ್ಪಲಿಯ ಜೊತೆ ಮಗನ ಮನೆಯ ತನಕ ಬರುತ್ತದೆ.