ಸ್ಪ್ಯಾನಿಷ್ ಮಾತು ತೊಡರಿದರೂ ಫೋನ್ ಕೇಳಬೇಕೆಂದರೆ

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಸ್ಪ್ಯಾನಿಷ್ ಆಡುವ ರೋಗಿಗಳು ಸಿಗುವುದು ಸಾಮಾನ್ಯ. ಪಾರ್ಕಿನ್ಸನ್, ಪಾರ್ಶ್ವವಾಯುಗಳಿಂದ ನಾಲಿಗೆ ತೊಡರುವವರ ಫೋನನ್ನು ದನಿಯಿಂದಲೇ ನಡೆಯುವಂತೆ ಹೊಂದಿಸಿಕೊಡಬಹುದು. ಆದರೆ ಮೊದಲ ದಿನವೇ ಪತ್ರ ಹೇಳಿ ಬರೆಸಲು ಹೋಗಬೇಡಿ. ನಾಲ್ಕಾರು ಆಜ್ಞೆ ಸಾಕು.

ಯಂತ್ರ ಕಲಿಯುವುದು ತಾನು ಕೇಳಿದ ದನಿಗಳಿಂದ. ತೊಡರು ಮಾತಿನ ಹೆಸರಾಂತ ಧ್ವನಿಸಂಗ್ರಹಗಳಾದ ಟಾರ್ಗೊ, ಯುಎಸ್ಪೀಚ್ ಎರಡೂ ಇಂಗ್ಲಿಷಿನವು. ಕೊಲಂಬಿಯಾದ ಸ್ಪ್ಯಾನಿಷಿನಲ್ಲಿ 2014ರಲ್ಲಿ ಬಂದ ಪಿಸಿ-ಗೀಟಾದಲ್ಲಿರುವುದು 50 ಪಾರ್ಕಿನ್ಸನ್ ರೋಗಿಗಳ, 50 ಆರೋಗ್ಯವಂತರ ದನಿ. ಹತ್ತಾರು ದೇಶಗಳ ಭಾಷೆಗೆ ಇದು ಏನೇನೂ ಸಾಲದು.

ಮೊದಲು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಗೆ ಹೋಗಿ. ಆಂಡ್ರಾಯ್ಡ್‌ನಲ್ಲಿ ವಾಯ್ಸ್ ಆಕ್ಸೆಸ್, ಐಫೋನಿನಲ್ಲಿ ವಾಯ್ಸ್ ಕಂಟ್ರೋಲ್; ಎರಡಕ್ಕೂ ಸ್ಪ್ಯಾನಿಷ್ ಬರುತ್ತದೆ. ದೇಶವಾರು ಆಯ್ಕೆ ಕಂಡರೆ ರೋಗಿಯ ಊರಿಗೆ ಹತ್ತಿರದ್ದನ್ನೇ ಆರಿಸಿ. ಪೋರ್ಟೊರಿಕೊದವರು ಪದದ ಕೊನೆಯ ‘ಸ್’ ನುಂಗುವುದು ಅಲ್ಲಿನ ವಾಡಿಕೆ, ರೋಗವಲ್ಲ. ಅದನ್ನು ತಿದ್ದಲು ಹೊರಟರೆ ಇಬ್ಬರಿಗೂ ಸುಸ್ತು.

ಟಿವಿ ಆರಿಸಿ, ಮೈಕ್ ಇರುವ ಇಯರ್‌ಫೋನ್ ಹಾಕಿ. ಪಾರ್ಕಿನ್ಸನ್ ಮಾತ್ರೆಯ ಪ್ರಭಾವ ಇಳಿದ ಹೊತ್ತಿಗೆ ದನಿಯೂ ಬೇರೆಯಾಗಬಹುದು. ಎರಡೂ ಹೊತ್ತಿನಲ್ಲಿ ಪರೀಕ್ಷಿಸಿ.

ಪದಗಳ ಆಯ್ಕೆಯಲ್ಲಿ ಆತುರ ಬೇಡ. ‘ಪೆರೊ’ ಎಂಬಲ್ಲಿ ರಕಾರ ಗಡಸಾದರೆ ನಾಯಿ, ಮೆದುವಾದರೆ ‘ಆದರೆ’. ತೊಡರುವ ನಾಲಿಗೆಗೆ ಇಂಥ ಜೋಡಿ ಕಷ್ಟ. ಪರದೆಯ ಗುಂಡಿಗಳಿಗೆ ಅಂಕಿ ಬಂದಾಗಲೂ ಪೇಚಾಟವಿದೆ: ಎರಡು ‘ದೋಸ್’, ಹನ್ನೆರಡು ಲ್ಯಾಟಿನ್ ಅಮೆರಿಕದವರ ಬಾಯಲ್ಲಿ ‘ದೋಸೆ’ (ನಮ್ಮ ತಿಂಡಿಯಲ್ಲ!). ಅಂಥಲ್ಲಿ ಅಂಕಿ ಬಿಟ್ಟು ಗುಂಡಿಯ ಹೆಸರನ್ನೇ ಹೇಳಿಸಿ.

ಇಷ್ಟಾದರೂ ಕೇಳಿಸದಿದ್ದರೆ ಐಒಎಸ್ 18ರಿಂದ ಬಂದಿರುವ ವೋಕಲ್ ಶಾರ್ಟ್‌ಕಟ್ಸ್ ನೋಡಿ. ಮಾಡಬೇಕಾದ ಕೆಲಸ ಆರಿಸಿ, ರೋಗಿ ತನಗೆ ಬಂದಂತೆ ಒಂದು ನುಡಿಯನ್ನು ಮೂರು ಸಲ ಹೇಳಬೇಕು. ಮಗಳಿಗೆ ಕರೆ ಹೋಗುವಂಥ ಕೆಲಸದಿಂದ ಶುರು ಮಾಡಿ. ಬೇಕಾದವರ ದನಿ ಕೇಳಿದರೆ ಅಭ್ಯಾಸಕ್ಕೆ ಹುರುಪು ಬರುತ್ತದೆ. ತಪ್ಪಾಗಿ ಕೇಳಿಸಿಕೊಂಡದ್ದನ್ನೆಲ್ಲ ಒಂದು ವಾರ ಬರೆದಿಡಿ. ಪದೇ ಪದೇ ಎಡವುವ ಪದವನ್ನು ಬದಲಿಸಿ, ರೋಗಿಯನ್ನಲ್ಲ.

911ಕ್ಕೆ ಕರೆ ಮಾಡುವುದನ್ನು ಮಾತ್ರ ದನಿಯೊಂದಕ್ಕೇ ಬಿಡಬೇಡಿ. ಕರೆಗಂಟೆ, ಚಿತ್ರಫಲಕ ಎರಡೂ ಹಾಸಿಗೆಯ ಪಕ್ಕದಲ್ಲೇ ಇರಲಿ.