ಫೀಬಿ: ಶನಿಯನ್ನು ಉಲ್ಟಾ ಸುತ್ತುವ ಚಂದ್ರ

ಸಿಂಗಪುರದಿಂದ ಮಾತಾಡ್ತಿದ್ದೇವೆ. ಭೂಮಧ್ಯರೇಖೆಗೆ ಹತ್ತಿರ ಇರೋದರಿಂದ ಇಲ್ಲಿ ಶನಿಗ್ರಹ ಆಕಾಶದಲ್ಲಿ ನೆತ್ತಿಯ ಹತ್ತಿರವೇ ಹಾದುಹೋಗುತ್ತೆ. ಊರಿನ ದೀಪಗಳ ಬೆಳಕಿದ್ದರೂ ಬರಿಗಣ್ಣಿಗೆ ಕಾಣುತ್ತೆ. ಸಣ್ಣ ದೂರದರ್ಶಕ ಇದ್ದರೆ ಉಂಗುರಗಳನ್ನೂ ಟೈಟಾನ್ ಚಂದ್ರನನ್ನೂ ನೋಡಬಹುದು. ಇವತ್ತಿನ ನಮ್ಮ ವಿಷಯ ಮಾತ್ರ ಅದರಲ್ಲಿ ಕಾಣದಷ್ಟು ಮಸುಕಾದ ಚಂದ್ರ, ಫೀಬಿ.

1898ರ ಆಗಸ್ಟ್‌ನಲ್ಲಿ ಪೆರು ದೇಶದ ಅರೆಕಿಪಾದಲ್ಲಿ ತೆಗೆದ ಫೋಟೋ ಪ್ಲೇಟುಗಳನ್ನು ಪರೀಕ್ಷಿಸಿ, 1899ರಲ್ಲಿ ವಿಲಿಯಂ ಪಿಕರಿಂಗ್ ಇದನ್ನು ಪತ್ತೆ ಮಾಡಿದರು. ಫೋಟೋದಿಂದ ಸಿಕ್ಕ ಮೊದಲ ಉಪಗ್ರಹ ಇದು. ಅಡ್ಡಳತೆ ಸುಮಾರು 213 ಕಿಲೋಮೀಟರ್. ಪೂರ್ವದಿಂದ ಪಶ್ಚಿಮಕ್ಕೆ 50 ಕಿಲೋಮೀಟರ್ ಇರುವ ಸಿಂಗಪುರವನ್ನು ನಾಲ್ಕು ಸಲ ಜೋಡಿಸಿದಷ್ಟು. ಶನಿಯಿಂದ ಸುಮಾರು 1.3 ಕೋಟಿ ಕಿಲೋಮೀಟರ್ ದೂರದಲ್ಲಿರುವ ಇದಕ್ಕೆ ಒಂದು ಸುತ್ತಿಗೆ 550 ದಿನ ಬೇಕು.

ವಿಶೇಷ ಇರೋದು ಸುತ್ತುವ ದಿಕ್ಕಿನಲ್ಲಿ. ಶನಿಯ ದೊಡ್ಡ ಚಂದ್ರರೆಲ್ಲ ಶನಿ ತಿರುಗುವ ದಿಕ್ಕಿನಲ್ಲೇ ಸುತ್ತುತ್ತವೆ. ಯಾಕೆ? ಶನಿಯ ಸುತ್ತ ಒಂದೇ ಕಡೆಗೆ ತಿರುಗುತ್ತಿದ್ದ ಅನಿಲ, ಧೂಳಿನ ತಟ್ಟೆಯಿಂದ ಅವು ಹುಟ್ಟಿದವು ಅಂತ ವಿಜ್ಞಾನಿಗಳು ಹೇಳ್ತಾರೆ. ಫೀಬಿ ಮಾತ್ರ ಒನ್‌ವೇ ರಸ್ತೆಯಲ್ಲಿ ಎದುರಿಗೆ ಬರುವ ಗಾಡಿ ಥರ. ಅಂದರೆ ಅದು ಹುಟ್ಟಿದ್ದು ಅಲ್ಲಲ್ಲ, ಬೇರೆಲ್ಲೋ ಹುಟ್ಟಿ ಶನಿಯ ಗುರುತ್ವಕ್ಕೆ ಸಿಕ್ಕಿಬಿದ್ದಿದೆ.

ಸಿಕ್ಕಿಬೀಳೋದು ಸುಲಭ ಅಲ್ಲ. ಹೊರಗಿಂದ ಬಂದ ಕಾಯ ಎಷ್ಟು ವೇಗದಲ್ಲಿ ಬರುತ್ತೋ ಅಷ್ಟೇ ವೇಗದಲ್ಲಿ ತಪ್ಪಿಸಿಕೊಂಡು ಹೋಗುತ್ತೆ. ನಿಲ್ಲಬೇಕಾದರೆ ಸ್ವಲ್ಪ ಶಕ್ತಿ ಕಳೆದುಕೊಳ್ಳಬೇಕು. ಅನಿಲದ ಎಳೆತದಿಂದಲೋ, ಇನ್ನೊಂದು ಕಾಯದ ಜೊತೆಗಿನ ಒಡನಾಟದಿಂದಲೋ ಹೀಗಾಗಬಹುದು.

2004ರ ಜೂನ್ 11ರಂದು ಕ್ಯಾಸಿನಿ ನೌಕೆ ಫೀಬಿಯಿಂದ ಸುಮಾರು 2,068 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಕಂಡಿದ್ದು ಕುಳಿಗಳಿಂದ ತುಂಬಿದ, ಕಪ್ಪಾದ ಮೇಲ್ಮೈ. ಅಲ್ಲಿ ನೀರಿನ ಮಂಜುಗಡ್ಡೆ, ಇಂಗಾಲದ ಡೈಆಕ್ಸೈಡ್ ಸಿಕ್ಕವು. ಸಾಂದ್ರತೆ ನೀರಿನ 1.6 ಪಟ್ಟು, ಅಂದರೆ ಒಳಗೆ ಕಲ್ಲೂ ಬೆರೆತಿದೆ. ಹಾಗಾಗಿ ಇದು ಸೌರಮಂಡಲದ ಹೊರ ಅಂಚಿನಿಂದ ಬಂದಿರಬಹುದು ಅಂತ ಅಂದಾಜು.

ಈ ಪರಕೀಯ ಚಂದ್ರ ಅಕ್ಕಪಕ್ಕವನ್ನೂ ಬದಲಾಯಿಸಿದೆ. ಶನಿಯ ಇನ್ನೊಂದು ಚಂದ್ರ ಐಯಾಪೆಟಸ್‌ನ ಒಂದು ಮುಖ ಕಪ್ಪು, ಇನ್ನೊಂದು ಬಿಳಿ. 1671ರಲ್ಲಿ ಅದನ್ನು ಕಂಡುಹಿಡಿದ ಖಗೋಳಜ್ಞ ಕ್ಯಾಸಿನಿಗೆ ಶನಿಯ ಒಂದು ಬದಿಯಲ್ಲಿದ್ದಾಗ ಮಾತ್ರ ಅದು ಕಾಣುತ್ತಿತ್ತು. 2009ರಲ್ಲಿ ಸ್ಪಿಟ್ಜರ್ ದೂರದರ್ಶಕ ಫೀಬಿಯ ಕಕ್ಷೆಯ ಸುತ್ತ ಧೂಳಿನ ದೊಡ್ಡ ಉಂಗುರ ಪತ್ತೆ ಮಾಡಿದ ಮೇಲೆ ಕಾರಣ ಸ್ಪಷ್ಟವಾಯಿತು. ಫೀಬಿಯಿಂದ ಎದ್ದ ಧೂಳು ಒಳಗೆ ಸರಿದು, ಎದುರು ದಿಕ್ಕಿನಲ್ಲಿ ಬರುವ ಐಯಾಪೆಟಸ್‌ನ ಮುಂಭಾಗಕ್ಕೆ ಬಡಿಯುತ್ತೆ. ಮಳೆಯಲ್ಲಿ ಓಡುವ ಬೈಕ್ ಸವಾರನ ಎದೆಯೇ ಹೆಚ್ಚು ನೆನೆಯುತ್ತಲ್ಲ, ಹಾಗೆ. ಕಪ್ಪಾದ ಭಾಗ ಹೆಚ್ಚು ಬಿಸಿಯಾಗಿ ಅಲ್ಲಿನ ಮಂಜು ಆವಿಯಾಗಿ ಬಿಳಿ ಭಾಗಕ್ಕೆ ಹೋಗುತ್ತೆ. ಕಪ್ಪು ಇನ್ನೂ ಕಪ್ಪಾಗುತ್ತೆ.

2025ರ ಮಾರ್ಚ್‌ನಲ್ಲಿ ಶನಿಯ ಚಂದ್ರರ ಎಣಿಕೆ 274ಕ್ಕೆ ಏರಿತು. ಅವುಗಳಲ್ಲಿ ಬಹುಪಾಲು ಫೀಬಿ ಥರ ದೂರದಲ್ಲಿ ಅಡ್ಡಾದಿಡ್ಡಿ ಸುತ್ತುವ ಪುಟ್ಟ ಕಾಯಗಳು. ಅವು ಎಲ್ಲಿಂದ ಬಂದವು ಅನ್ನೋದಕ್ಕೆ ಮೊದಲ ಸುಳಿವು ಅವು ಸುತ್ತುವ ದಿಕ್ಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.