ಕೇಬಲ್ ಬರುವ ದಾರಿ: ರಾಜರಾಜೇಶ್ವರಿನಗರದಲ್ಲಿ ಮನೆಯಿಂದ ಕೆಲಸ

ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಆಫೀಸ್ ಕೆಲಸಕ್ಕೆಂದು ಮನೆಗೆ ಇಂಟರ್ನೆಟ್ ಹಾಕಿಸುವವರು ಮೊದಲು ತಲೆಯೆತ್ತಿ ಕೇಬಲ್ ಬರುವ ದಾರಿ ನೋಡಬೇಕು; ಪ್ಲಾನಿನ ಮಾತು ಆಮೇಲೆ. ಬಿಇಎಂಎಲ್ ಲೇಔಟ್, ಚನ್ನಸಂದ್ರ, ಪಟ್ಟಣಗೆರೆಯ ಒಳರಸ್ತೆಗಳಲ್ಲಿ ಎಷ್ಟೋ ಕಡೆ ಫೈಬರ್ ಎಳೆ ಕರೆಂಟ್ ಕಂಬದಿಂದ ಮರಕ್ಕೆ, ಮರದಿಂದ ಎದುರು ಮನೆಯ ತಾರಸಿಗೆ, ಅಲ್ಲಿಂದ ಕಿಟಕಿಗೆ ಹಾಯುತ್ತದೆ. ಮಳೆಗೆ ಕೊಂಬೆ ಬಿದ್ದರೂ ಸರಿ, ಮಳೆಗೆ ಮುಂಚೆ ಕೊಂಬೆ ಕಡಿದರೂ ಸರಿ, ತುಂಡಾಗುವುದು ಆ ಎಳೆಯೇ.

ವೇಗದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಳ್ಳೆಯ ಗುಣಮಟ್ಟದ ಒಂದು ವಿಡಿಯೊ ಕರೆಗೆ ಸುಮಾರು 4 ಎಂಬಿಪಿಎಸ್ ಸಾಕು. ಗಂಡ ಹೆಂಡತಿ ಇಬ್ಬರೂ ಮೀಟಿಂಗಿನಲ್ಲಿದ್ದು ಹಾಲಿನಲ್ಲಿ ಟಿವಿ ಓಡುತ್ತಿದ್ದರೂ 50ರ ಪ್ಲಾನ್ ಧಾರಾಳ. 300ರ ಪ್ಲಾನ್ ಮಾರಲು ಬಂದ ಹುಡುಗ ಇದನ್ನು ಹೇಳುವುದಿಲ್ಲ. ಅವನಿಗೂ ಟಾರ್ಗೆಟ್ ಇರುತ್ತದೆ.

ಅವನನ್ನು ಕೇಳಬೇಕಾದದ್ದು ಬೇರೆ: ಮನೆಯೊಳಗೆ ಬರುವುದು ಫೈಬರೋ, ಲ್ಯಾನ್ ವೈರೋ? ಜಿಪಾನ್ ಫೈಬರ್ ಪದ್ಧತಿಯಲ್ಲಿ ಒಂದು ಎಳೆಯ ಸುಮಾರು 2.5 ಜಿಬಿಪಿಎಸ್ ಸಾಮರ್ಥ್ಯವನ್ನು ಸ್ಪ್ಲಿಟರ್ ಎಂಬ ಸಾಧನ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಸ್ಪ್ಲಿಟರಿಗೆ ಕರೆಂಟೇ ಬೇಡ. ಬೀದಿಯಲ್ಲಿ ಕರೆಂಟ್ ಹೋದರೂ, ಕಂಪನಿಯ ಕಡೆ ಬ್ಯಾಕಪ್ ಇದ್ದು, ಮನೆಯ ರೂಟರಿಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಇದ್ದರೆ ಕೆಲಸ ನಿಲ್ಲುವುದಿಲ್ಲ. ಫೈಬರನ್ನು ಬೀದಿಯ ಸ್ವಿಚ್ಚಿಗೇ ಮುಗಿಸಿ ಅಲ್ಲಿಂದ ಲ್ಯಾನ್ ವೈರ್ ಎಳೆದಿದ್ದರೆ ಆ ಸ್ವಿಚ್ಚಿಗೂ ಕರೆಂಟ್ ಬೇಕು. ಅದು ಆರಿತೆಂದರೆ ಮನೆಯ ಯುಪಿಎಸ್ ಇದ್ದೂ ಇಲ್ಲದಂತೆ.

ಬಾಡಿಗೆ ಮನೆಯಾದರೆ ಮಾಲೀಕರದೊಂದು ಪಾತ್ರವಿರುತ್ತದೆ. ಈ ಲೇಖನಕ್ಕೆ ಕಾರಣವಾದ ಎರಡನೇ ಮಹಡಿಯ ಮನೆಯಲ್ಲಿ ‘ಪೇಂಟ್ ಈಗಷ್ಟೇ ಹೊಡೆಸಿದ್ದೀವಿ ಸಾರ್, ಡ್ರಿಲ್ಲು ಗಿಲ್ಲು ಬೇಡ’ ಎಂಬ ಅಪ್ಪಣೆಯಾಯಿತು. ಎಳೆ ಕಿಟಕಿಯ ಸಂದಿಯಿಂದ ಒಳಗೆ ಬಂತು. ಮಳೆಗಾಲದ ಒಂದು ಸಂಜೆ ಎರಚಲು ಹೊಡೆಯಿತೆಂದು ಮನೆಯವರು ಕಿಟಕಿ ಬಿಗಿಯಾಗಿ ಮುಚ್ಚಿದರು. ಹೊರದೇಶದ ಗ್ರಾಹಕರ ಜೊತೆ ಮೀಟಿಂಗ್ ನಡೆಯುತ್ತಿತ್ತು. ಪರದೆಯ ಮೇಲಿನ ಮುಖಗಳು ನಿಂತಲ್ಲೇ ನಿಂತವು. ಫೈಬರ್ ಬಾಕ್ಸಿನಲ್ಲಿ ಸಿಗ್ನಲ್ ಇಲ್ಲವೆಂದು ತೋರಿಸುವ ‘ಲಾಸ್’ ದೀಪ ಕೆಂಪಗೆ ಮಿನುಗತೊಡಗಿತು. ಮೊಬೈಲ್ ಹಾಟ್‌ಸ್ಪಾಟಿಗೆ ಕೋಣೆಯಲ್ಲಿ ಸಿಗ್ನಲ್ ಇಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ತಾರಸಿಗೆ ಓಡಿ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಒಬ್ಬರು ಕೊಡೆ ಹಿಡಿದು, ಇನ್ನೊಬ್ಬರು ಮಾತಾಡಿ ಮುಗಿಸಬೇಕಾಯಿತು. ಕಾಲ್ ಸೆಂಟರಿನವರದು ಒಂದೇ ಮಂತ್ರ: ರೂಟರ್ ಆಫ್ ಮಾಡಿ ಆನ್ ಮಾಡಿ. ಯಾರೂ ಬಂದು ನೋಡುವ ಮೊದಲೇ ‘ನಿಮ್ಮ ದೂರು ಬಗೆಹರಿದಿದೆ’ ಎಂದು ಮೆಸೇಜೂ ಬಂತು. ಕೊನೆಗೊಮ್ಮೆ ಬಂದ ಲೈನ್‌ಮನ್ ಪವರ್ ಮೀಟರ್ ಚುಚ್ಚಿದ. ಬೆಳಕಿನ ಮಟ್ಟ ಮೈನಸ್ 31 ಡಿಬಿಎಂ ಎಂದು ತೋರಿಸಿತು. ಮೈನಸ್ 25ರೊಳಗಿದ್ದರೆ ನಿಶ್ಚಿಂತೆ, ಮೈನಸ್ 28 ದಾಟಿದರೆ ಬಾಕ್ಸಿಗೆ ಬೆಳಕು ಸಾಲದು. ಕಿಟಕಿಯ ಚೌಕಟ್ಟಿನಲ್ಲಿ ಎಳೆ ಚೂಪಾಗಿ ಮಡಚಿತ್ತು. ಅಂಥ ತಿರುವಿನಲ್ಲಿ ಬೆಳಕು ಸೋರಿಹೋಗುತ್ತದೆ. ಆತ ಆ ತುಂಡು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಹೋದ. ಮಾಲೀಕರು ಈಗಲೂ ಗೋಡೆ ಮುಟ್ಟಲು ಬಿಟ್ಟಿಲ್ಲ.

ಎರಡನೇ ಕನೆಕ್ಷನ್ ಬೇಕೆನಿಸಿದರೆ ಅದು ಬೇರೆ ದಾರಿಯಲ್ಲಿ ಬರಬೇಕು. ಎರಡು ಕಂಪನಿಗಳ ಎಳೆಗಳು ಒಂದೇ ಮರಕ್ಕೆ ಸುತ್ತಿಕೊಂಡಿದ್ದರೆ ಎರಡು ಬಿಲ್ ಕಟ್ಟಿದ್ದಷ್ಟೇ ಬಂತು. 2023ರಿಂದ ಸಿಗುತ್ತಿರುವ ಏರ್‌ಫೈಬರ್ 5ಜಿ ಸಿಗ್ನಲ್ ಮೇಲೆ ನಡೆಯುವುದರಿಂದ ಬೀದಿಯ ಎಳೆಯ ಹಂಗಿಲ್ಲ. ತಾರಸಿಯಲ್ಲಿ ಸಿಗ್ನಲ್ ಚೆನ್ನಾಗಿದೆಯೇ ಎಂದು ನೋಡಿಕೊಂಡರಾಯಿತು. ಅಪಾರ್ಟ್‌ಮೆಂಟ್‌ಗಳಲ್ಲಿ ಅಸೋಸಿಯೇಷನ್ ಒಂದೇ ಕಂಪನಿಗೆ ಒಪ್ಪಿಗೆ ಕೊಟ್ಟಿದೆಯೇ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಬೇಕು. ಆಫೀಸಿನ ವಿಪಿಎನ್ ಸ್ಥಿರ ಐಪಿ ಕೇಳಿದರೆ ಅದಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕ.

ದೂರು ಕೊಟ್ಟಾಗ ಡಾಕೆಟ್ ನಂಬರ್ ಪಡೆಯಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಂತೆ, ಪರಿಹಾರ ಒಪ್ಪಿಗೆಯಾಗದವರು 30 ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿ 39 ದಿನಗಳಲ್ಲಿ ತೀರ್ಮಾನವಾಗಬೇಕು. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ಇದೆ: ದೂರಸಂಪರ್ಕ ಕಂಪನಿಗಳ ಮೇಲಿನ ದೂರನ್ನು ಅಲ್ಲಿ ಕೊಡಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ.